ಊರಿನ ಸ್ಮಾರಕದ ಹಿಂದಿನ ಹೆಂಗಸರು: ಅಮೆರಿಕದ ಪತ್ರಾಗಾರದಲ್ಲಿ ಹುಡುಕುವ ಬಗೆ

ಮಗಳಿಗೆ ಶಾಲೆಯಲ್ಲಿ ಊರಿನ ಚರಿತ್ರೆಯ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಪಾರ್ಕಿನ ಸೈನಿಕ ಸ್ಮಾರಕದ ಬುಡದಲ್ಲಿ ‘ವುಮನ್ಸ್ ರಿಲೀಫ್ ಕೋರ್’ ಎಂದು ಕೆತ್ತಿದ್ದನ್ನು ಅವಳೇ ಮೊದಲು ಓದಿದ್ದು. ಇವರು ಯಾರಮ್ಮ ಎಂದು ಕೇಳಿದಳು. ಉತ್ತರ ಹುಡುಕುತ್ತಾ ಇಲ್ಲಿನ ಪತ್ರಾಗಾರಗಳು ನಡೆಯುವ ರೀತಿ ನನಗೂ ತಿಳಿಯಿತು.

ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಸೈನಿಕರು 1866ರಲ್ಲಿ ‘ಗ್ರ್ಯಾಂಡ್ ಆರ್ಮಿ ಆಫ್ ದ ರಿಪಬ್ಲಿಕ್’ ಎಂಬ ಸಂಘ ಕಟ್ಟಿಕೊಂಡರು. ಅದಕ್ಕೆ ಜೊತೆಯಾಗಿ 1883ರಲ್ಲಿ ಡೆನ್ವರ್‌ನಲ್ಲಿ ಹುಟ್ಟಿದ್ದು ಈ ಮಹಿಳಾ ಸಂಘ. ಸೈನಿಕರ ಹೆಂಡತಿಯೋ ಮಗಳೋ ಆಗಿರಲೇಬೇಕು ಎಂಬ ಕಟ್ಟು ಇದಕ್ಕಿರಲಿಲ್ಲ. ಬಡ ಸೈನಿಕರಿಗೆ, ವಿಧವೆಯರಿಗೆ, ಅನಾಥ ಮಕ್ಕಳಿಗೆ ನೆರವಾಗುವುದು, ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ಆಚರಿಸುವುದು, ಶಾಲೆಗಳಿಗೆ ಬಾವುಟ ಕೊಡುವುದು ಇವರ ಕೆಲಸ. ಉತ್ತರದ ಸುಮಾರು 13,000 ಯುದ್ಧಕೈದಿಗಳು ಸತ್ತ ಜಾರ್ಜಿಯಾದ ಆ್ಯಂಡರ್ಸನ್‌ವಿಲ್ ಸೆರೆಶಿಬಿರದ ಜಾಗವನ್ನು ಇವರೇ ನೋಡಿಕೊಂಡು, 1910ರಲ್ಲಿ ಸರ್ಕಾರಕ್ಕೆ ಒಪ್ಪಿಸಿದರು.

ಇವರ ಕಾಗದಪತ್ರಗಳೆಲ್ಲ ಒಂದೇ ಕಡೆ ಸಿಗುವುದಿಲ್ಲ. ಸಂಘಕ್ಕೆ ರಾಷ್ಟ್ರ, ರಾಜ್ಯ, ಊರು ಎಂಬ ಮೂರು ಹಂತವಿತ್ತು. ಊರಿನ ಶಾಖೆಗೆ ಹೆಸರಿನ ಜೊತೆ ಒಂದು ನಂಬರು. ಶಾಖೆ ಮುಚ್ಚಿದಾಗ ಪುಸ್ತಕಗಳು ರಾಜ್ಯದ ಹಿಸ್ಟಾರಿಕಲ್ ಸೊಸೈಟಿಗೋ, ಊರಿನ ಲೈಬ್ರರಿಗೋ, ವಿಶ್ವವಿದ್ಯಾಲಯಕ್ಕೋ ಹೋದವು. ಹಲವು ಪತ್ರಾಗಾರಗಳಲ್ಲಿ ಏನಿದೆ ಎಂದು ಒಟ್ಟಿಗೆ ಹುಡುಕಬಹುದಾದ ಆರ್ಕೈವ್‌ಗ್ರಿಡ್ ಎಂಬ ಜಾಲತಾಣದಲ್ಲಿ ಸಂಘದ ಹೆಸರು, ರಾಜ್ಯ, ಊರು ಹಾಕಿ ನೋಡಿ. ನಿಮಗೆ ಬೇಕಾದ ವ್ಯಕ್ತಿಯ ಹೆಸರು ಹಾಕಿದರೆ ಬಹುಪಾಲು ಏನೂ ಸಿಗದು. ಲೈಬ್ರರಿಯಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತಾರೆ. ಪತ್ರಾಗಾರದಲ್ಲಿ ಕಾಗದ ಯಾರಿಂದ ಬಂತೋ ಅವರ ಹೆಸರಿನಲ್ಲೇ ಒಟ್ಟಿಗೆ ಇಡುತ್ತಾರೆ. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಹೇಳುವ ಪಟ್ಟಿಗೆ ‘ಫೈಂಡಿಂಗ್ ಏಡ್’ ಎನ್ನುತ್ತಾರೆ. ಅದರಿಂದ ಕಲೆಕ್ಷನ್ ನಂಬರು, ಪೆಟ್ಟಿಗೆ, ಫೋಲ್ಡರ್ ಮೂರನ್ನೂ ಬರೆದುಕೊಳ್ಳಿ. ಹೊರಡುವ ಮುಂಚೆ ಇಮೇಲ್ ಮಾಡಿ. ಪೆಟ್ಟಿಗೆಗಳು ಬೇರೆ ಗೋದಾಮಿನಲ್ಲಿದ್ದರೆ ತರಿಸಲು ದಿನ ಹಿಡಿಯುತ್ತದೆ.

ನಮ್ಮವರು ಹಿಂಜರಿಯುವುದು ಇಲ್ಲೇ. ಗ್ರೀನ್ ಕಾರ್ಡ್ ಇಲ್ಲ, ಪಿಎಚ್‌ಡಿ ಇಲ್ಲ, ಬಿಡುತ್ತಾರೋ ಇಲ್ಲವೋ ಎಂದು. ಖಂಡಿತ ಹೋಗಿ. ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲೂ ಭಾರತದ ಪಾಸ್‌ಪೋರ್ಟ್ ತೋರಿಸಿ ಸಂಶೋಧಕರ ಕಾರ್ಡ್ ಮಾಡಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಒಳಗೆ ಪೆನ್ನು, ಬ್ಯಾಗು, ನೀರಿನ ಬಾಟಲಿ ಬಿಡುವುದಿಲ್ಲ. ಪೆನ್ಸಿಲ್ಲು ನಡೆಯುತ್ತದೆ, ಕೇಳಿಕೊಂಡರೆ ಫ್ಲ್ಯಾಷ್ ಇಲ್ಲದೆ ಫೋಟೋ ಕೂಡ ತೆಗೆಯಬಹುದು. ಒಂದು ಸಲಕ್ಕೆ ಒಂದೇ ಫೋಲ್ಡರ್ ತೆಗೆಯಿರಿ, ಹಾಳೆಗಳ ಕ್ರಮ ಕೆಡಿಸಬೇಡಿ.

ನಮಗೆ ಬಂದದ್ದು ಬೂದು ಬಣ್ಣದ ರಟ್ಟಿನ ಪೆಟ್ಟಿಗೆ. ಒಳಗೆ ಸಭೆಯ ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಲೆಕ್ಕದ ಖಾತೆ. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ನಡಾವಳಿಯಲ್ಲಿ ಸಭೆ ಶುರುವಾಯಿತು, ಮುಗಿಯಿತು ಎಂಬುದಷ್ಟೇ ಹೆಚ್ಚು. ನಿಜವಾದ ಬದುಕು ಇದ್ದದ್ದು ನೆರವಿನ ಖಾತೆಯಲ್ಲಿ: ಒಬ್ಬ ವಿಧವೆಗೆ ಚಳಿಗಾಲಕ್ಕೆ ಕಲ್ಲಿದ್ದಲು, ಅವಳ ಇಬ್ಬರು ಮಕ್ಕಳಿಗೆ ಶೂ, ಎರಡು ಸಾಲು ಕೆಳಗೆ ಅದೇ ಮನೆಗೆ ಶವಸಂಸ್ಕಾರದ ಖರ್ಚು. ಮಗಳು ಆ ಸಾಲಿನ ಮೇಲೆ ಬೆರಳು ತಾಗಿಸದೆ ಗಾಳಿಯಲ್ಲೇ ಎರಡು ಸಲ ಎಳೆದು ಓದಿದಳು.

ಒಂದು ತೊಡಕಿಗೆ ತಯಾರಾಗಿರಿ. ಹೆಂಗಸರನ್ನು ಗಂಡನ ಹೆಸರಿನಲ್ಲೇ ಬರೆದಿರುತ್ತಾರೆ, ‘ಮಿಸೆಸ್’ ಇಂಥವರು ಎಂದು. ಅವಳ ಸ್ವಂತ ಹೆಸರು ಬೇಕಾದರೆ ಗಂಡನ ಹೆಸರು ಹಿಡಿದು ಜನಗಣತಿ ನೋಡಬೇಕು. ಆದರೆ 1890ರ ಜನಗಣತಿಯ ಹಾಳೆಗಳು 1921ರ ಬೆಂಕಿಯಿಂದಾಗಿ ಬಹುಪಾಲು ಉಳಿದಿಲ್ಲ. ಆ ದಶಕದಲ್ಲಿ ಊರಿನಲ್ಲಿ ಯಾರಿದ್ದರು ಎನ್ನುವುದಕ್ಕೆ ಇಂಥ ಸಂಘದ ಸದಸ್ಯರ ಪಟ್ಟಿಯೇ ಆಧಾರವಾಗುವುದುಂಟು. ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ವಿಧವಾ ಪಿಂಚಣಿ ಕಡತ ಸಿಕ್ಕರಂತೂ ಮದುವೆಯ ಪುರಾವೆ, ಮಕ್ಕಳ ಹೆಸರು ಎಲ್ಲ ಅದರಲ್ಲೇ ಇರುತ್ತವೆ. ಕಪ್ಪು ಮಹಿಳೆಯರೂ ಈ ಸಂಘದಲ್ಲಿದ್ದರು, ದಕ್ಷಿಣದಲ್ಲಿ ಅವರ ಶಾಖೆಗಳು ಬೇರೆಯಾಗಿದ್ದವು. ಅವರನ್ನು ಹುಡುಕುವಾಗ ಒಂದೇ ಪೆಟ್ಟಿಗೆ ನೋಡಿ ನಿಲ್ಲಿಸಬೇಡಿ.

ಹೊರಡುವಾಗ ಅಲ್ಲಿನ ಆರ್ಕಿವಿಸ್ಟ್, ಅಂದರೆ ಪತ್ರಾಗಾರ ನೋಡಿಕೊಳ್ಳುವವರು, ನಮ್ಮ ಕನ್ನಡ ಕೂಟದ ಹಳೆಯ ಕಾಗದಗಳು ಎಲ್ಲಿವೆ ಎಂದು ಕೇಳಿದರು. ಒಬ್ಬರ ಗ್ಯಾರೇಜಿನಲ್ಲಿ ಇದ್ದವು. ಕೊಡುವುದಾದರೆ ದಾನಪತ್ರಕ್ಕೆ ಸಹಿ ಹಾಕಬೇಕು. ಮನೆವಿಳಾಸ, ದೇಣಿಗೆಯ ವಿವರ ಇರುವ ಪುಟಗಳನ್ನು ಇಷ್ಟು ವರ್ಷ ಯಾರಿಗೂ ತೋರಿಸಬಾರದು ಎಂದು ಅದರಲ್ಲೇ ಷರತ್ತು ಬರೆಸಬಹುದು. ಕನ್ನಡದ ಕಾಗದವಾದರೂ ತೊಂದರೆಯಿಲ್ಲ, ಪ್ರತಿ ಫೋಲ್ಡರಿಗೆ ಇಂಗ್ಲಿಷಿನಲ್ಲಿ ಒಂದು ಸಾಲಿನ ವಿವರಣೆ ಕೊಡಿ ಎಂದರು. ಈಗ ಭಾನುವಾರಗಳಂದು ನಾವು ನಾಲ್ಕು ಜನ ಹೆಂಗಸರು ಕೂತು ಆ ಸಾಲುಗಳನ್ನು ಬರೆಯುತ್ತಿದ್ದೇವೆ, ನಮ್ಮ ನಮ್ಮ ಸ್ವಂತ ಹೆಸರಿನಲ್ಲಿ.