ಲಾಕ್-ಇನ್ ಇದ್ದರೂ ರೀಡಿಂಗ್ ನಿಲ್ಲದಿದ್ದಾಗ

ಫೋಟೋಡಯೋಡಿಗೆ (ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡುವ ಸೆನ್ಸರ್) ಬೀಳುತ್ತಿದ್ದ ಬೆಳಕು ತೀರಾ ಮಂದ. ಗದ್ದಲದಲ್ಲಿ ಮುಳುಗಿದ ಸಣ್ಣ ಸಿಗ್ನಲ್ ಹೆಕ್ಕಿ ತೆಗೆಯುವ ಲಾಕ್-ಇನ್ ಆಂಪ್ಲಿಫೈಯರ್ ಹಾಕಿದರೂ ರೀಡಿಂಗ್ ಉಯ್ಯಾಲೆಯ ಹಾಗೆ ನಿಧಾನಕ್ಕೆ ಏರಿ ಇಳಿಯುತ್ತಿತ್ತು. ಎರಡು ದಿನ ಸುಮ್ನೆ ಕೇಬಲ್‌ಗಳನ್ನು ಬೈದುಕೊಂಡೆ. ಆಮೇಲೆ ಬೆಳಕಿನ ದಾರಿಯಲ್ಲಿ ತಿರುಗುವ ಸೀಳುಚಕ್ರ, ಅಂದರೆ ಚಾಪರ್ ಕಡೆ ಕಣ್ಣು ಹೋಯಿತು. ಅದು ಬೆಳಕನ್ನು ಸೆಕೆಂಡಿಗೆ ಹತ್ತಿರಹತ್ತಿರ 100 ಸಲ ಕತ್ತರಿಸುತ್ತಿತ್ತು! ನಮ್ಮ ಕರೆಂಟ್ 50 ಹರ್ಟ್ಸ್, ಹಳೇ ಚೋಕಿನ ಟ್ಯೂಬ್‌ಲೈಟ್ ಮಿನುಗುವುದು ಅದರ ಎರಡರಷ್ಟು. ರೆಫರೆನ್ಸ್ ಜೊತೆ, ಅಂದರೆ ಚಾಪರ್ ಲಯದ ಜೊತೆ, ಹೆಜ್ಜೆ ಹಾಕುವುದನ್ನಷ್ಟೇ ಲಾಕ್-ಇನ್ ಉಳಿಸಿಕೊಳ್ಳುತ್ತದೆ, ಸರಿ. ಗದ್ದಲವೇ ಅದೇ ಹೆಜ್ಜೆ ಹಾಕಿದರೆ ಅದಾದರೂ ಏನು ಮಾಡೀತು, ಪಾಪ? ಚಾಪರನ್ನು 137 ಹರ್ಟ್ಸ್‌ಗೆ ತಂದೆ. ಟೈಮ್ ಕಾನ್‌ಸ್ಟಂಟ್ (ಲಾಕ್-ಇನ್ ಸರಾಸರಿ ತೆಗೆಯುವ ಅವಧಿ) 1 ಸೆಕೆಂಡಿಗೆ ಏರಿಸಿದೆ. ಓದುವ ಮೊದಲು ಐದಾರು ಸೆಕೆಂಡ್ ಜಾಸ್ತಿ ಕಾಯಬೇಕು, ಅಷ್ಟೇ. ಬೆಳಕಿಗೆ ಕೈ ಅಡ್ಡ ಹಿಡಿದೆ, ಸೊನ್ನೆಗೆ ಇಳಿಯಿತು. ಕೈ ತೆಗೆದೆ. 42 ಮೈಕ್ರೋವೋಲ್ಟ್‌ಗೆ ಏರಿ, ಅಲ್ಲೇ ನಿಂತಿತು.