ಕಾರವಾನ್ ಟಿವಿಗೆ ಇನ್ವರ್ಟರ್ ಇಲ್ಲದೆ ಕರೆಂಟ್ ಕೊಟ್ಟ ನನ್ನ ಅನುಭವ

ಹದಿನಾಲ್ಕು ತಿಂಗಳಾಯಿತು, ನನ್ನ ಕಾರವಾನ್‌ನ ಟಿವಿ ಒಂದು ಸಲವೂ ತಾನಾಗಿ ಆಫ್ ಆಗಿಲ್ಲ. ಇನ್ವರ್ಟರ್ ಇಲ್ಲ, ಫ್ಯಾನಿನ ಸದ್ದೂ ಇಲ್ಲ. ಬ್ಯಾಟರಿ ಲೈನ್‌ನಿಂದ ಕೊಟ್ಟರೆ ಟಿವಿ ಸುಟ್ಟೇ ಹೋಗುತ್ತೆ ಅಂದವರೇ ಜಾಸ್ತಿ. ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ನನ್ನ ಮೊದಲ ಟಿವಿ ಹೋಗಿದ್ದೇ ಹಾಗೆ.

ಅದು ಸಣ್ಣ ಟಿವಿ, ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿತ್ತು. ಬ್ಯಾಟರಿಯೂ 12 ವೋಲ್ಟ್ ಅಲ್ವಾ ಅಂತ ಪಿನ್ ಕತ್ತರಿಸಿ ನೇರವಾಗಿ ಜೋಡಿಸಿದೆ. ಎರಡು ವಾರ ಚೆನ್ನಾಗಿ ನಡೆಯಿತು. ಒಂದು ಬೆಳಿಗ್ಗೆ ಚಾರ್ಜರ್ ಓಡುತ್ತಿದ್ದಾಗಲೇ ಟಿವಿ ಹಾಕಿದೆ. ಲೈನ್‌ನಲ್ಲಿ 14.6 ವೋಲ್ಟ್ ಇತ್ತು. ಒಳಗೆ ಟಕ್ ಅಂತ ಸದ್ದಾಯಿತು, ಅಷ್ಟೇ. ರಿಪೇರಿಗೆ ಕೇಳಿದ ದುಡ್ಡಿಗೆ ಇನ್ನೊಂದು ಟಿವಿಯೇ ಬರುತ್ತಿತ್ತು.

ಆಮೇಲೆ ಎಲ್ಲರೂ ಹೇಳಿದಂತೆ ಇನ್ವರ್ಟರ್ ತಂದೆ. ಅಗ್ಗದ್ದು ಸ್ಪೀಕರ್‌ನಲ್ಲಿ ಝುಂಯ್ ಅನ್ನುತ್ತಿತ್ತು. ಅದನ್ನು ಬಿಟ್ಟು ಪ್ಯೂರ್ ಸೈನ್‌ವೇವ್‌ದು, ಅಂದರೆ ಮನೆ ಕರೆಂಟಿನಂತೆ ನುಣುಪಾದ ಅಲೆ ಕೊಡುವುದು, ತಂದೆ. ಸದ್ದು ನಿಂತಿತು, ಆದರೆ ಲೆಕ್ಕ ನೋಡಿ. ಹೊಸ 24 ಇಂಚಿನ ಟಿವಿ ತಿನ್ನುವುದು ಸುಮಾರು 26 ವ್ಯಾಟ್. ಇನ್ವರ್ಟರ್ 12 ವೋಲ್ಟನ್ನು ಮೇನ್ಸ್ ವೋಲ್ಟೇಜ್‌ಗೆ ಏರಿಸುತ್ತೆ, ಅಡಾಪ್ಟರ್ ಅದನ್ನು ಮತ್ತೆ 12ಕ್ಕೆ ಇಳಿಸುತ್ತೆ. ಎರಡೂ ಕಡೆ ನಷ್ಟ. ಇನ್ವರ್ಟರ್ ಸುಮ್ನೆ ಕೂತಿದ್ದಕ್ಕೇ ಅರ್ಧ ಆಂಪ್ ಬೇರೆ. ಬ್ಯಾಟರಿಯಲ್ಲಿ ಅಳೆದರೆ 3.3 ಆಂಪ್ ಹೋಗುತ್ತಿತ್ತು. ಈಗಿನ ನನ್ನ ಜೋಡಣೆಯಲ್ಲಿ 2.3 ಮಾತ್ರ. ಐದು ಗಂಟೆ ನೋಡಿದರೆ ಐದು ಆಂಪ್ ಅವರ್ ಉಳಿಯಿತು. ಲೆಡ್ ಆಸಿಡ್ ಬ್ಯಾಟರಿ ಇಟ್ಟುಕೊಂಡವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು.

ನಡುವೆ 7812 ಐಸಿಯನ್ನೂ (ವೋಲ್ಟೇಜನ್ನು 12ಕ್ಕೆ ಇಳಿಸಿ ನಿಲ್ಲಿಸುವ ಸಣ್ಣ ಚಿಪ್) ಹೀಟ್‌ಸಿಂಕ್ ಮೇಲೆ ಕೂರಿಸಿ ನೋಡಿದೆ. ಅದಕ್ಕೆ ಔಟ್‌ಪುಟ್‌ಗಿಂತ ಸುಮಾರು 2 ವೋಲ್ಟ್ ಜಾಸ್ತಿ ಇನ್‌ಪುಟ್ ಬೇಕು, ಬ್ಯಾಟರಿ 12.4ರಲ್ಲಿದ್ದರೆ ಟಿವಿಗೆ ಏನು ಸಿಗುತ್ತೆ? ಒಂದು ಸಂಜೆಯಲ್ಲೇ ಕೈಬಿಟ್ಟೆ. ಆಮೇಲೆ ಬರೀ ಬೂಸ್ಟ್ ಬೋರ್ಡ್. ಅದು ಏರಿಸುತ್ತೆ, ಇಳಿಸುವುದಿಲ್ಲ. ಚಾರ್ಜಿಂಗ್ ಹೊತ್ತಿನ 14.4 ಹಾಗೇ ಆ ಕಡೆ ದಾಟಿಬಿಡುತ್ತೆ. ಈ ಸಲ ಟಿವಿ ಜೋಡಿಸುವ ಮೊದಲು ಮೀಟರ್ ಹಿಡಿದಿದ್ದೆ, ಬಚಾವಾದೆ. 19 ವೋಲ್ಟ್ ಟಿವಿ ಇದ್ದವರಿಗೆ ಬೂಸ್ಟ್ ಸಾಕು. ನನ್ನ ಲ್ಯಾಪ್‌ಟಾಪ್ ಈಗ ಅದೇ ಬೋರ್ಡಿನಲ್ಲಿ ಓಡುತ್ತಿದೆ.

ಕೊನೆಗೆ ಬಂದದ್ದು ಬಕ್-ಬೂಸ್ಟ್ ಕನ್ವರ್ಟರ್, ಏರಿಸುವುದು ಇಳಿಸುವುದು ಎರಡನ್ನೂ ಮಾಡುವ ಬೋರ್ಡ್. ಒಳಗೆ 9 ಬರಲಿ 15 ಬರಲಿ, ಹೊರಗೆ 12. ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಆದರೂ ನೀರಿನ ಪಂಪ್ ಶುರುವಾದರೆ ಟಿವಿ ಆಫ್! ಬೋರ್ಡೇ ಸರಿಯಿಲ್ಲ ಅಂತ ಇನ್ನೊಂದು ತರಿಸಿದೆ. ಅದೂ ಹಾಗೇ. ಆಗ ವೈರ್ ನೋಡಿದೆ. ಒಂದು ಚದರ ಮಿಲಿಮೀಟರಿನ ಹಳೆ ಲೈಟ್ ವೈರ್, ಹೋಗಿ ಬರಲು 14 ಮೀಟರ್, ಪಂಪೂ ಅದರಲ್ಲೇ. ಅಂದರೆ ಸುಮಾರು ಕಾಲು ಓಮ್. ಟಿವಿಯದೊಂದು ಅರ್ಧ ವೋಲ್ಟ್, ಪಂಪಿನ 5 ಆಂಪ್‌ನದು ಒಂದು ವೋಲ್ಟಿಗೂ ಮೇಲೆ, ಎಲ್ಲ ದಾರಿಯಲ್ಲೇ ಹೋಗುತ್ತಿತ್ತು. ಪಂಪ್ ಏಳುವ ಕ್ಷಣಕ್ಕೆ ಇನ್ನೂ ಜಾಸ್ತಿ. ವೋಲ್ಟೇಜ್ ಇಳಿದಷ್ಟೂ ಕನ್ವರ್ಟರ್ ಕರೆಂಟ್ ಜಾಸ್ತಿ ಎಳೆಯುತ್ತೆ, ಆಗ ಇನ್ನಷ್ಟು ಇಳಿಯುತ್ತೆ. ಅಲ್ಲಿಗೆ ಬೋರ್ಡ್ ಸೋಲುತ್ತೆ.

ಬ್ಯಾಟರಿಯಿಂದಲೇ ಬೇರೆ ಲೈನ್ ಎಳೆದೆ, 4 ಚದರ ಮಿಲಿಮೀಟರಿನದು. ಈಗ ನಷ್ಟ 0.15 ವೋಲ್ಟ್ ಆಸುಪಾಸು. ಫ್ಯೂಸ್ 5 ಆಂಪ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಕನ್ವರ್ಟರ್ ಟಿವಿಯ ಹಿಂದೆ, ಬ್ಯಾಟರಿ ಪಕ್ಕದಲ್ಲಿ ಅಲ್ಲ. ಬ್ಯಾಟರಿ ಪಕ್ಕ ಇಟ್ಟರೆ 12ನ್ನು ಸರಿಮಾಡಿ ಕಳಿಸಿದ ಮೇಲೆ ದಾರಿಯಲ್ಲಿ ಕಳೆದದ್ದನ್ನು ತುಂಬುವವರು ಯಾರು? ಸಿಗರೇಟ್ ಲೈಟರ್ ಸಾಕೆಟ್ ನಾನು ಬಳಸಲಿಲ್ಲ. ರಸ್ತೆಯ ಕುಲುಕಾಟಕ್ಕೆ ಸಡಿಲವಾಗಿ ಬಿಸಿಯಾಗುತ್ತೆ.

ಖರ್ಚಿನಲ್ಲಿ ಅರ್ಧಕ್ಕೂ ಜಾಸ್ತಿ ವೈರಿಗೇ ಹೋಯಿತು. ಆದರೂ ಎರಡು ಇನ್ವರ್ಟರ್‌ಗೆ ಸುರಿದ ದುಡ್ಡಿನ ಕಾಲು ಭಾಗವೂ ಆಗಲಿಲ್ಲ.

ಇನ್ನೆರಡು ಪೆಟ್ಟು ಬಾಕಿ ಇದ್ದವು. ಒಂದು ದೂರದ ಪ್ರಯಾಣ ಮುಗಿಸಿ ಅಳೆದರೆ ಔಟ್‌ಪುಟ್ 12.9! ಬೋರ್ಡ್ ಮೇಲಿನ ಸಣ್ಣ ತಿರುಪು ಕುಲುಕಿ ಕುಲುಕಿ ತಿರುಗಿತ್ತು. 12.0ಗೆ ಮತ್ತೆ ಕೂರಿಸಿ, ಒಂದು ಹನಿ ನೈಲ್ ಪಾಲಿಶ್ ಹಾಕಿದೆ. ಅಂದಿನಿಂದ ಅಲ್ಲಾಡಿಲ್ಲ. ಎರಡನೆಯದು, ಕೆಲವು ಚಾನೆಲ್‌ಗಳಲ್ಲಿ ಚಿತ್ರ ಚೂರುಚೂರಾಗುತ್ತಿತ್ತು. ಕನ್ವರ್ಟರ್‌ನ ಸ್ವಿಚಿಂಗ್ ಗದ್ದಲ ಆಂಟೆನಾ ಕೇಬಲ್‌ಗೆ ಸೇರುತ್ತಿತ್ತು. ಕೇಬಲ್ ದೂರ ಸರಿಸಿ, ಎರಡೂ ಕಡೆ ಫೆರೈಟ್ (ಇಂಥ ಗದ್ದಲ ತಡೆಯಲು ವೈರಿಗೆ ಹಾಕುವ ಉಂಗುರ) ಹಾಕಿದ ಮೇಲೆ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿಗೆ ನಾನು ಮಾಡಿದ ಫಿಲ್ಟರ್ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಕ್ಕೆ ಮೂರು ಭಾನುವಾರ ಕೊಟ್ಟಿದ್ದೇನೆ. ಬೋರ್ಡ್ ಮೇಲೆ 10 ಆಂಪ್ ಅಂತ ಬರೆದಿದ್ದರೆ ನಾನು ನಂಬುವುದು 4ರವರೆಗೆ ಮಾತ್ರ, ಅದಕ್ಕಿಂತ ಮೇಲೆ ಕಾಯಿಲ್ ಮುಟ್ಟಲಾಗದಷ್ಟು ಬಿಸಿ.

ಸುಮ್ನೆ ಕುತೂಹಲಕ್ಕೆ ಒಂದು ರಾತ್ರಿ ಔಟ್‌ಪುಟ್ ಇಳಿಸುತ್ತಾ ಹೋದೆ. ನನ್ನ ಟಿವಿ 10.8ರ ಹತ್ತಿರ ಆಫ್ ಆಯಿತು. ಹಾಗೇ ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿದೆ. ಕರೆಂಟ್ ಮೂರನೇ ಒಂದು ಪಾಲು ಕಡಿಮೆ! ರಾತ್ರಿ ಹೊತ್ತು ಕಣ್ಣಿಗೂ ಅದೇ ಹಿತ. ಕನ್ವರ್ಟರ್ ಮೊದಲು ಒಂದು ಸ್ವಿಚ್ ಕೂಡ ಹಾಕಿದ್ದೇನೆ. ಟಿವಿ ಆಫ್ ಇದ್ದರೂ ಅದು 20 ಮಿಲಿಆಂಪ್ ನೆಕ್ಕುತ್ತಲೇ ಇರುತ್ತೆ, ವಾರಕ್ಕೆ 3 ಆಂಪ್ ಅವರ್ ಮೇಲಾಯಿತು.

ಬೇಡ ಅಂದಿದ್ದವರಲ್ಲಿ ಒಬ್ಬರು ಹೋದ ತಿಂಗಳು ಬಂದು ಕೂತರು. ಚಾರ್ಜರ್ ಹಾಕಿದೆ, ತೆಗೆದೆ, ಪಂಪ್ ಬಿಟ್ಟೆ. ಟಿವಿ ಮಿಟುಕಲಿಲ್ಲ. ಅವರ ಕಾರವಾನ್‌ಗೆ ಬರುವ ವಾರ ವೈರ್ ಎಳೆಯುತ್ತಿದ್ದೇವೆ, ಅಳತೆ ತೆಗೆದಾಗಿದೆ, 9 ಮೀಟರ್ ಒಂದು ಕಡೆಗೆ. ಅವರಿಗೆ 6 ಚದರ ಮಿಲಿಮೀಟರ್ ಹಾಕುತ್ತೇನೆ.