ಅನಿಲ ಇಂಧನದ ಹಡಗಿಗೆ ಹೊರಡುವ ಮುನ್ನ: ಐಜಿಎಫ್ ಪ್ರಮಾಣಪತ್ರ ಪಡೆಯುವ ಕ್ರಮ

ಕಾಸರಗೋಡಿನ ಉದುಮ, ಪಾಲಕುನ್ನು, ಕೋಟಿಕುಳಂ ಕಡೆಯ ಮನೆಗಳಿಗೆ ಮರ್ಚಂಟ್ ನೇವಿಯ ಕೆಲಸ ಹೊಸದಲ್ಲವಾದರೂ, ಎಲ್‌ಎನ್‌ಜಿಯನ್ನೇ (ತಂಪುಗೊಳಿಸಿ ದ್ರವವಾಗಿಸಿದ ನೈಸರ್ಗಿಕ ಅನಿಲ) ಇಂಧನವಾಗಿ ಉರಿಸುವ ಹಡಗಿನಲ್ಲಿ ದುಡಿಯಲು ಹಳೆಯ ತರಬೇತಿಯಷ್ಟೇ ಸಾಲದು. 2017ರ ಜನವರಿ 1ರಂದು ಜಾರಿಗೆ ಬಂದ ಐಜಿಎಫ್ ಸಂಹಿತೆಗೆ (ಅನಿಲ ಇಂಧನದ ಹಡಗುಗಳ ಅಂತರರಾಷ್ಟ್ರೀಯ ಸುರಕ್ಷತಾ ನಿಯಮ) ಒಳಪಟ್ಟ ಹಡಗುಗಳಿಗೆ, ನಾವಿಕರ ತರಬೇತಿ ಮತ್ತು ಪ್ರಮಾಣಪತ್ರ ಕುರಿತ ಎಸ್‌ಟಿಸಿಡಬ್ಲ್ಯು ಅಂತರರಾಷ್ಟ್ರೀಯ ಒಪ್ಪಂದವು ಎರಡು ಹಂತದ ತರಬೇತಿಯನ್ನು ವಿಧಿಸಿದೆ.

ಇಂಧನದ ನಿರ್ವಹಣೆ ಅಥವಾ ತುರ್ತು ಸಂದರ್ಭಕ್ಕೆ ಸಂಬಂಧಿಸಿದ ಸುರಕ್ಷತಾ ಕರ್ತವ್ಯವಿರುವವರಿಗೆ ಬೇಸಿಕ್ ಹಂತ ಬೇಕು. ಕ್ಯಾಪ್ಟನ್, ಎಂಜಿನಿಯರ್ ಅಧಿಕಾರಿಗಳು ಮತ್ತು ಇಂಧನದ ನೇರ ಹೊಣೆ ಹೊತ್ತವರೆಲ್ಲರಿಗೆ ಅಡ್ವಾನ್ಸ್‌ಡ್ ಹಂತ ಕಡ್ಡಾಯ. ಗ್ಯಾಸ್ ಟ್ಯಾಂಕರಿನ ಪ್ರಮಾಣಪತ್ರ ಈಗಾಗಲೇ ಕೈಯಲ್ಲಿದ್ದರೆ ಬೇಸಿಕ್ ಕೋರ್ಸಿಗೆ ಮತ್ತೆ ಹಣ ಕಟ್ಟಬೇಕಿಲ್ಲ.

ಸಂಸ್ಥೆಯನ್ನು ಆರಿಸುವಾಗ, ಏಜೆಂಟರ ಮಾತನ್ನು ನಂಬದೆ, ನೌಕಾಯಾನ ಮಹಾನಿರ್ದೇಶನಾಲಯದ ಅನುಮೋದಿತ ಪಟ್ಟಿಯನ್ನೇ ನೋಡಿರಿ. ಇಂಡೋಸ್ ದಾಖಲೆ (ಭಾರತೀಯ ನಾವಿಕರ ನೋಂದಣಿ), ಪಾಸ್‌ಪೋರ್ಟ್, ಸಿಡಿಸಿ (ನಾವಿಕರ ಸೇವಾ ಪುಸ್ತಕ) ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಆಗಿರಲಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಮನೆ ಹೆಸರು ಎಂಬಂಥ ವ್ಯತ್ಯಾಸವಿದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.

ತರಗತಿಯಲ್ಲಿ ಗಮನವಿಟ್ಟು ಕೇಳಬೇಕಾದದ್ದು ಅನಿಲದ ಸ್ವಭಾವವನ್ನು. ಎಲ್‌ಎನ್‌ಜಿ ಸುಮಾರು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಆವಿಯಾದಾಗ ಸುಮಾರು 600 ಪಟ್ಟು ಹಿಗ್ಗುತ್ತದೆ, ಗಾಳಿಯಲ್ಲಿ ಸುಮಾರು 5ರಿಂದ 15 ಶೇಕಡಾ ಬೆರೆತಾಗ ಹೊತ್ತಿಕೊಳ್ಳಬಲ್ಲದು. ಅಡುಗೆ ಸಿಲಿಂಡರಿನ ಅನಿಲಕ್ಕೆ ಬೆರೆಸುವಂಥ ವಾಸನೆ ಇದಕ್ಕಿರುವುದಿಲ್ಲವಾದ್ದರಿಂದ ಸೋರಿಕೆ ಪತ್ತೆಗೆ ಮೂಗನ್ನಲ್ಲ, ಡಿಟೆಕ್ಟರನ್ನು ನೆಚ್ಚಬೇಕು. ತಣ್ಣನೆಯ ಎಲ್‌ಎನ್‌ಜಿಯ ಒಂದು ಸಣ್ಣ ಧಾರೆ ಬಿದ್ದರೂ ಡೆಕ್ಕಿನ ಸಾಮಾನ್ಯ ಉಕ್ಕು ಪೆಡಸಾಗಿ ಬಿರುಕು ಬಿಡಬಹುದು; ಬಂಕರಿಂಗ್ (ಹಡಗಿಗೆ ಇಂಧನ ತುಂಬುವ) ಜೋಡಣೆಯ ಕೆಳಗೆ ಸ್ಟೇನ್‌ಲೆಸ್ ಉಕ್ಕಿನ ತಟ್ಟೆಯಿರುವುದು ಅದಕ್ಕಾಗಿಯೇ. ಚೆಲ್ಲಿ ನಿಂತ ಎಲ್‌ಎನ್‌ಜಿಯ ಮೇಲೆ ನೇರವಾಗಿ ನೀರು ಹಾಯಿಸಿದರೆ ಅದು ಇನ್ನಷ್ಟು ಬೇಗ ಆವಿಯಾಗುತ್ತದೆ. ಹಾಗಾಗಿ ಬೆಂಕಿ ನಂದಿಸಲು ಒಣ ರಾಸಾಯನಿಕ ಪುಡಿಯನ್ನು ಬಳಸುತ್ತಾರೆ.

ಅಡ್ವಾನ್ಸ್‌ಡ್ ಹಂತದಲ್ಲಿ ಜನ ಸಿಕ್ಕಿಬೀಳುವುದು ಕೋರ್ಸಿನಲ್ಲಲ್ಲ, ಸಮುದ್ರಸೇವೆಯ ದಾಖಲೆಯಲ್ಲಿ. ಕನಿಷ್ಠ ಒಂದು ತಿಂಗಳ ಅನುಮೋದಿತ ಸೇವೆ, ಅದರೊಳಗೆ ಮೂರು ಬಂಕರಿಂಗ್ ಕಾರ್ಯಗಳು ಬೇಕು. ಇವುಗಳಲ್ಲಿ ಎರಡನ್ನು ಅನುಮೋದಿತ ಸಿಮ್ಯುಲೇಟರಿನಲ್ಲಿ ಪೂರೈಸಬಹುದು, ಒಂದಂತೂ ಹಡಗಿನಲ್ಲೇ ಆಗಬೇಕು. ಆದ್ದರಿಂದ ಪ್ರತಿ ಬಂಕರಿಂಗ್ ಮುಗಿದ ದಿನವೇ ಬಂದರು, ದಿನಾಂಕ, ತಾನು ನಿರ್ವಹಿಸಿದ ಪಾತ್ರ ಇವನ್ನು ಬರೆದು ಸಹಿ, ಮೊಹರು ಹಾಕಿಸಿಕೊಳ್ಳಿರಿ. ಸೈನ್ ಆಫ್ ಆಗಿ (ಹಡಗಿನ ಸರದಿ ಮುಗಿಸಿ) ಊರು ಸೇರಿದ ಮೇಲೆ ಕಂಪನಿಗೆ ಇಮೇಲ್ ಬರೆಯುತ್ತ ಕೂರುವುದು ದೊಡ್ಡ ತಲೆನೋವು. ಐದು ವರ್ಷಕ್ಕೊಮ್ಮೆ ಪುನರ್ತರಬೇತಿ ಪಡೆಯದಿದ್ದರೆ, ಆ ಅವಧಿಯಲ್ಲಿ ಸಾಮರ್ಥ್ಯ ಉಳಿಸಿಕೊಂಡದ್ದಕ್ಕೆ ಪುರಾವೆ ಒದಗಿಸಬೇಕಾಗುವುದರಿಂದ, ಇದೇ ಕಾಗದಗಳು ಆಗಲೂ ಬೇಕಾಗುತ್ತವೆ.